ಎರಡು ಬಾಗಿಲು, ಒಂದೇ ಪ್ರಶ್ನೆ

ಕೈದಿಯ ಎದುರು ಎರಡು ಬಾಗಿಲು. ಒಂದರಾಚೆ ಬಿಡುಗಡೆ, ಇನ್ನೊಂದರಾಚೆ ಸಾವು. ಬಾಗಿಲಿಗೊಬ್ಬ ಕಾವಲುಗಾರ, ಒಬ್ಬ ಯಾವಾಗಲೂ ನಿಜವನ್ನೇ ಹೇಳುತ್ತಾನೆ, ಇನ್ನೊಬ್ಬ ಯಾವಾಗಲೂ ಸುಳ್ಳನ್ನೇ. ಯಾರು ಯಾರೆಂಬುದು ಕಾವಲುಗಾರರಿಗೆ ಗೊತ್ತು, ಕೈದಿಗೆ ಗೊತ್ತಿಲ್ಲ. ಇಬ್ಬರಲ್ಲೊಬ್ಬನಿಗೆ ಒಂದೇ ಒಂದು ಪ್ರಶ್ನೆ ಹಾಕಿ ಕೈದಿ ಸರಿಯಾದ ಬಾಗಿಲು ತೆರೆಯಬೇಕು.

'ನೀನು ಸತ್ಯವಂತನೇ?' ಎಂದು ಕೇಳಿ ಪ್ರಯೋಜನವಿಲ್ಲ. ಸತ್ಯವಂತ ಹೌದೆನ್ನುತ್ತಾನೆ, ಸುಳ್ಳುಗಾರನೂ ಹೌದೆನ್ನುತ್ತಾನೆ. ಯಾರು ಎಂಥವನೆಂದು ಪತ್ತೆ ಹಚ್ಚಲು ಹೊರಟರೆ ಇರುವ ಒಂದು ಪ್ರಶ್ನೆ ಅದಕ್ಕೇ ಖರ್ಚಾಗಿಬಿಡುತ್ತದೆ.

ಪ್ರಸಿದ್ಧವಾದ ಉತ್ತರ ಹೀಗಿದೆ: 'ಬಿಡುಗಡೆಯ ಬಾಗಿಲು ಯಾವುದೆಂದು ನಿನ್ನ ಜೊತೆಗಾರನನ್ನು ಕೇಳಿದರೆ ಅವನು ಯಾವುದನ್ನು ತೋರಿಸುತ್ತಾನೆ?' ಎಡಬಾಗಿಲೇ ಸರಿಯಾದದ್ದು ಎಂದಿಟ್ಟುಕೊಳ್ಳೋಣ. ಸತ್ಯವಂತ ಜೊತೆಗಾರನ ಸುಳ್ಳನ್ನು ಇದ್ದ ಹಾಗೇ ಒಪ್ಪಿಸಿ 'ಬಲ' ಎನ್ನುತ್ತಾನೆ. ಸುಳ್ಳುಗಾರ, ಜೊತೆಗಾರ 'ಎಡ' ಎನ್ನುವುದು ಗೊತ್ತಿದ್ದೂ ಮಾತು ತಿರುಚಿ 'ಬಲ' ಎನ್ನುತ್ತಾನೆ. ಉತ್ತರ ಇಬ್ಬರನ್ನೂ ಹಾದು ಬರುವುದರಿಂದ ಅದರಲ್ಲಿ ಸುಳ್ಳು ಒಂದೇ ಸಲ ಬೆರೆಯುತ್ತದೆ. ತೋರಿಸಿದ್ದನ್ನು ಬಿಟ್ಟು ಇನ್ನೊಂದನ್ನು ತೆರೆದರಾಯಿತು.

ಇದಕ್ಕಿಂತಲೂ ಸೊಗಸಾದ ಪ್ರಶ್ನೆ ಇನ್ನೊಂದಿದೆ: 'ಎಡಬಾಗಿಲು ಬಿಡುಗಡೆಯದೇ ಎಂದು ನಿನ್ನನ್ನು ಕೇಳಿದ್ದರೆ ಹೌದು ಎನ್ನುತ್ತಿದ್ದೆಯಾ?' ಸುಳ್ಳುಗಾರ ಇಲ್ಲಿ ತನ್ನ ಸುಳ್ಳಿನ ಬಗ್ಗೆಯೇ ಸುಳ್ಳಾಡಬೇಕಾಗುತ್ತದೆ. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಬರುವ ಹಾಗೆ, ಎರಡು ಸುಳ್ಳು ಸೇರಿ ನಿಜ ಹೊರಬೀಳುತ್ತದೆ. 'ಹೌದು' ಎಂದರೆ ಎಡಬಾಗಿಲು, 'ಇಲ್ಲ' ಎಂದರೆ ಬಲಬಾಗಿಲು. ಎರಡನೆಯ ಕಾವಲುಗಾರ ಬೇಕಾಗಿಯೇ ಇಲ್ಲ. ಇಬ್ಬರೂ ಸುಳ್ಳುಗಾರರಾದರೆ ಮೊದಲ ಉಪಾಯ ಕೈಕೊಡುತ್ತದೆ. ಈ ಪ್ರಶ್ನೆ ಮಾತ್ರ ಆಗಲೂ ಸರಿಯಾದ ಬಾಗಿಲನ್ನೇ ತೋರಿಸುತ್ತದೆ.

ಈ ಜಾತಿಯ ಒಗಟುಗಳನ್ನು ಮನೆಮನೆಗೆ ಮುಟ್ಟಿಸಿದವರು ಅಮೆರಿಕದ ತರ್ಕಶಾಸ್ತ್ರಜ್ಞ ರೇಮಂಡ್ ಸ್ಮಲ್ಯನ್ (1919–2017). ಜಾದೂಗಾರರೂ ಪಿಯಾನೋ ವಾದಕರೂ ಆಗಿದ್ದ ಅವರು 1978ರ ತಮ್ಮ ಒಗಟು ಪುಸ್ತಕದಲ್ಲಿ ಸತ್ಯವಂತರೂ ಸುಳ್ಳುಗಾರರೂ ಬಾಳುವ ದ್ವೀಪವನ್ನು ಕಟ್ಟಿದರು. ಅಂಥ ದ್ವೀಪದಲ್ಲಿ ಒಬ್ಬ ಪಕ್ಕದವನನ್ನು ತೋರಿಸಿ 'ನಮ್ಮಿಬ್ಬರಲ್ಲಿ ಒಬ್ಬನಾದರೂ ಸುಳ್ಳುಗಾರ' ಎಂದರೆ? ಹೇಳಿದವನು ಸುಳ್ಳುಗಾರನಾಗಿದ್ದರೆ ಆ ಮಾತು ನಿಜವಾಗಿಬಿಡುತ್ತದೆ, ಸುಳ್ಳುಗಾರನ ಬಾಯಲ್ಲಿ ಅದು ಬರುವಂತಿಲ್ಲ. ಆದ್ದರಿಂದ ಅವನು ಸತ್ಯವಂತ, ಪಕ್ಕದವನೇ ಸುಳ್ಳುಗಾರ. ಇಂಥ ಆಟದ ಮೆಟ್ಟಿಲುಗಳನ್ನೇ ಹತ್ತಿಸಿ ಸ್ಮಲ್ಯನ್ ಓದುಗರನ್ನು ತರ್ಕಶಾಸ್ತ್ರಜ್ಞ ಗೋಡೆಲನ ಅಪೂರ್ಣತಾ ಪ್ರಮೇಯದವರೆಗೆ ಕರೆದೊಯ್ಯುತ್ತಾರೆ.

1996ರಲ್ಲಿ ತರ್ಕಶಾಸ್ತ್ರಜ್ಞ ಜಾರ್ಜ್ ಬೂಲೋಸ್ ಪ್ರಕಟಿಸಿದ ಒಗಟಿನಲ್ಲಿ ಕಾವಲುಗಾರರ ಜಾಗಕ್ಕೆ ಮೂವರು ದೇವತೆಗಳು ಬಂದರು. ಮೂರನೆಯವನು ಮನಬಂದಂತೆ ಉತ್ತರಿಸುತ್ತಾನೆ. 'ದಾ', 'ಯಾ' ಎಂಬ ಉತ್ತರಗಳಲ್ಲಿ ಹೌದು ಯಾವುದು, ಇಲ್ಲ ಯಾವುದು ಎಂಬುದೂ ತಿಳಿಯದು. ಯಾರು ಯಾರೆಂದು ಪತ್ತೆ ಹಚ್ಚುವ ಈ ಒಗಟನ್ನೂ 'ನಿನ್ನನ್ನು ಕೇಳಿದ್ದರೆ' ಎಂಬ ಬಗೆಯ ಮೂರೇ ಪ್ರಶ್ನೆಗಳಲ್ಲಿ ಬಿಡಿಸಬಹುದು.