ತಪ್ಪಿದ್ದು ಕಣ್ಣಲ್ಲ, ಮರ

ಪುಣೆಯ ಮಾರ್ಕೆಟ್ ಯಾರ್ಡ್ ಎಂದರೆ ಈರುಳ್ಳಿ, ಬೆಲ್ಲ, ಹೂವಿನ ರಾಶಿ. ಅದರ ಪಕ್ಕದ ಓಣಿಯಲ್ಲಿ ಕೊಡಗಿನ ಹಿರಿಯರೊಬ್ಬರು ನೆಲೆಸಿದ್ದಾರೆ. ಸೇನೆಯ ಇಎಂಇ ದಳದಲ್ಲಿ ಆಯುಧ ದುರಸ್ತಿಗಾರರಾಗಿ ದುಡಿದು ನಿವೃತ್ತರಾದವರು. ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ನಮ್ಮ ಬ್ಯಾಂಕಿಗೆ ಬರುವ ಅವರು ಕಳೆದ ಬಾರಿ ಮನೆಗೆ ಕರೆದು, ಕಾಫಿ ಕೊಟ್ಟು, ಎಣ್ಣೆ ಕುಡಿದು ಕಪ್ಪಾದ ಒಂದು ಮರದ ಚೂರು ತೋರಿಸಿದರು. "ನನ್ನ ಮರ್ಯಾದೆ ತೆಗೆದದ್ದು ಇದೇ ನೋಡಿ ಸಾರ್" ಎಂದು ನಕ್ಕರು.

ಕೊಡವರಿಗೆ ಕೋವಿ ಮನೆಯ ಸದಸ್ಯನಿದ್ದಂತೆ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ದೊರೆತ ಪರವಾನಗಿ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಬಳಿಕ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ.

ಒಂದು ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ಹಿರಿಯರು ತಂದೆಯವರ ಕಾಲದ .315 ರೈಫಲ್ ಎತ್ತಿದರು. ಮೂರು ಗುಂಡು, ಮೂರೂ ವ್ಯರ್ಥ. "ದೊಡ್ಡಪ್ಪನ ಕಣ್ಣು ಮಂಜಾಯಿತು" ಎಂದು ಮಕ್ಕಳು ಪಿಸುಗುಟ್ಟಿದರು. ಮೂವತ್ತು ವರ್ಷ ಸೈನಿಕರ ಬಂದೂಕು ಸರಿಮಾಡಿದ ಕೈಗೆ ಆ ಮಾತು ಚುಚ್ಚಿತು. ರಾತ್ರಿ ನಿದ್ದೆ ಬರಲಿಲ್ಲ.

ಕೋಲ್ಕತಾ ಸಮೀಪದ ಇಷಾಪುರ ಕಾರ್ಖಾನೆಯ ಈ ರೈಫಲ್ ಲೀ-ಎನ್‌ಫೀಲ್ಡ್ ಮಾದರಿಯದು. ಇದರಲ್ಲಿ ಹಿಂದಿನ ಮರ ಬೇರೆ, ನಳಿಗೆಯ ಕೆಳಗಿನ ಮರ ಬೇರೆ. ಗುಂಡು ಹಾರಿದಾಗ ಬರುವ ಹಿಂದೊದೆತದಲ್ಲಿ ಈ ಮುಂಮರವನ್ನು ಉಕ್ಕಿನ ಯಂತ್ರಭಾಗ ಎರಡು ಬದಿಯ ಪುಟ್ಟ ಆನಿಕೆಗಳಲ್ಲಿ ಒತ್ತುತ್ತದೆ. ಎರಡೂ ಕಡೆ ಸಮನಾಗಿ ಕೂತಿದ್ದರೆ ಪ್ರತಿ ಗುಂಡಿಗೂ ನಳಿಗೆ ಒಂದೇ ರೀತಿ ಅದುರುತ್ತದೆ. ಎಣ್ಣೆ ಕುಡಿದು ಒಂದು ಬದಿ ಮೆತ್ತಗಾದರೆ, ಮಳೆಗಾಲದ ತೇವಕ್ಕೆ ಮರ ಉಬ್ಬಿ ನಳಿಗೆಯನ್ನು ತಳ್ಳಿದರೆ, ಗುರಿ ಸರಿಯುತ್ತದೆ. ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು ವಾಲಿದರೂ 100 ಮೀಟರಿನಲ್ಲಿ ಗುಂಡು ಸುಮಾರು 29 ಮಿ.ಮೀ. ಆಚೀಚೆ! ಸೇನೆಗೆ ಹೋಗುತ್ತಿದ್ದ ಇಷಾಪುರದ ರೈಫಲ್‌ಗಳಲ್ಲಿ ಈ ಮರ ಸೀಳದಿರಲೆಂದೇ ಅಡ್ಡಲಾಗಿ ಒಂದು ತಿರುಪು ಹಾಕುತ್ತಿದ್ದರು.

ಮರುದಿನ ಅವರು ಮಡಿಕೇರಿಯ ಪರವಾನಗಿ ಹೊಂದಿದ ದುರಸ್ತಿಗಾರರ ಬಳಿಗೆ ಹೋದರು. ಕೋವಿ ಖಾಲಿಯೆಂದು ಎರಡು ಸಲ ನೋಡಿ, ಮರ ಬಿಚ್ಚಿ, ಉಕ್ಕಿಗೆ ದೀಪದ ಮಸಿ ಸವರಿ, ಮತ್ತೆ ಮರಕ್ಕೆ ಒತ್ತಿದರು. ಬಿಚ್ಚಿದಾಗ ಬಲಗಡೆಯ ಆನಿಕೆ ಮಾತ್ರ ಕಪ್ಪಾಗಿತ್ತು; ಎಡಗಡೆ ಮುಟ್ಟಿಯೇ ಇರಲಿಲ್ಲ. ಕಳ್ಳ ಸಿಕ್ಕಿದ!

ಹೊಸ ಮರವನ್ನೇ ಹಾಕಿಸೋಣವೆಂದು ತಮ್ಮನ ಮಗ ಹೇಳಿದ. ಅಪ್ಪನ ಕೈ ಸವೆಸಿದ ಮರ ಬಿಡಲು ಇವರು ಒಪ್ಪಲಿಲ್ಲ. ಮೆತ್ತಗಾದ ಚೂರನ್ನು ಉಳಿಯಿಂದ ತೆಗೆದು, ಗಟ್ಟಿ ಅಕ್ರೋಟ್ ಮರದ ತುಂಡನ್ನು ನಾರಿನ ದಿಕ್ಕು ನೋಡಿ ಎಪಾಕ್ಸಿಯಲ್ಲಿ ಅಂಟಿಸಲಾಯಿತು. ಅಂಟು ಒಣಗಿದ ಮೇಲೆ ಮಸಿ ಹಚ್ಚುವುದು, ಒತ್ತುವುದು, ಕಪ್ಪು ಕಂಡಲ್ಲಿ ಕೂದಲೆಳೆಯಷ್ಟು ಕೆರೆಯುವುದು. ಎರಡೂ ಬದಿ ಸಮನಾಗಿ ಕಪ್ಪಾಗುವ ತನಕ ಇದೇ ಕೆಲಸ. "ಒಂದು ಸಲ ಹೆಚ್ಚು ಕೆರೆದರೆ ಮತ್ತೆ ಮೊದಲಿನಿಂದ" ಎನ್ನುತ್ತಾರೆ ಅವರು. ಕೊನೆಗೆ ತೇವ ಒಳಗಿಳಿಯದಂತೆ ಒಳಮೈಗೂ ಅಗಸೆ ಎಣ್ಣೆ ಕುಡಿಸಿದರು. ಈಚೆಗೆ ಅನೇಕರು ಇಡೀ ಹಾಸನ್ನೇ ಎಪಾಕ್ಸಿಯಲ್ಲಿ ಎರಕ ಹೊಯ್ಯುತ್ತಾರೆ. ಅದು ಬೇಗ ಮುಗಿಯುತ್ತದೆ, ತೇವಕ್ಕೂ ಜಗ್ಗದು. ಆದರೆ ಉಕ್ಕಿಗೆ ಮೇಣ ಸವರಲು ಮರೆತರೆ ಕೋವಿ ಮರಕ್ಕೇ ಅಂಟಿಕೊಳ್ಳುತ್ತದೆ!

ಮರುವರ್ಷದ ಹಬ್ಬದಲ್ಲಿ ಎರಡನೇ ಗುಂಡಿಗೆ ಕಾಯಿ ಒಡೆಯಿತು. ಪಿಸುಗುಟ್ಟಿದ ಮಕ್ಕಳೇ ಓಡಿಬಂದು ಕಾಲಿಗೆ ಬಿದ್ದರು. ತಮ್ಮನ ಮಗನೀಗ ಮರ ಬಿಚ್ಚುವುದನ್ನು, ಮಸಿ ಓದುವುದನ್ನು ಇವರಿಂದ ಕಲಿಯುತ್ತಿದ್ದಾನೆ. ಆ ಕಪ್ಪು ಚೂರು ಮಾತ್ರ ಮಾರ್ಕೆಟ್ ಯಾರ್ಡ್‌ನ ಮನೆಯಲ್ಲಿ, ಪಿಂಚಣಿ ಪುಸ್ತಕದ ಜೊತೆ ಭದ್ರವಾಗಿದೆ.