ನಮ್ಮ ಮುಖ ನಾವೇ ಬರೆಯೋಣ

ದಿನಾ ಕನ್ನಡಿ ನೋಡುತ್ತೇವೆ. ತಲೆ ಬಾಚುತ್ತೇವೆ. ಆದರೆ 'ನಿನ್ನ ಮುಖದ ಚಿತ್ರ ಬರಿ' ಅಂದರೆ? 'ಅಯ್ಯೋ, ನಂಗೆಲ್ಲಿ ಬರುತ್ತೆ!' ಅನ್ನುತ್ತೇವೆ. ಬರುತ್ತೆ. ಅದಕ್ಕೊಂದು ದಾರಿ ಇದೆ.

ಅಮೆರಿಕದಲ್ಲಿ ಚಕ್ ಕ್ಲೋಸ್ ಎಂಬ ಚಿತ್ರಕಾರರಿದ್ದರು. 1940ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಅವರಿಗೆ ಓದುವುದೇ ಕಷ್ಟವಾಗಿತ್ತು. ಇನ್ನೊಂದು ತೊಂದರೆಯೂ ಇತ್ತು. ಕಂಡವರ ಮುಖ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಪರಿಚಯದವರು ಎದುರಿಗೆ ಬಂದರೂ ಗುರುತು ಸಿಗುತ್ತಿರಲಿಲ್ಲ. ಅಂಥವರು ಬರೆದದ್ದು ಏನು ಗೊತ್ತೇ? ಮುಖಗಳನ್ನೇ! ಫೋಟೋದಲ್ಲಿ ಮುಖ ಅಲುಗಾಡುವುದಿಲ್ಲ. ಹಾಗೆ ನಿಂತ ಮುಖ ಮಾತ್ರ ಅವರಿಗೆ ನೆನಪು ಉಳಿಯುತ್ತಿತ್ತು.

1967-68ರಲ್ಲಿ ಅವರು ತಮ್ಮದೇ ಮುಖ ಬರೆದರು. ಮೊದಲು ಹತ್ತಿರದಿಂದ ಫೋಟೋ ತೆಗೆದುಕೊಂಡರು. ಕೆದರಿದ ಕೂದಲು, ಕನ್ನಡಕ, ಬಾಯಲ್ಲಿ ಸಿಗರೇಟು. ಫೋಟೋದ ಮೇಲೆ ಅಡ್ಡ ಗೆರೆ, ಉದ್ದ ಗೆರೆ ಎಳೆದು ಚೌಕ ಮಾಡಿದರು. ಚೌಕಟ್ಟಿಗೆ ಬಿಗಿದ ದೊಡ್ಡ ಬಟ್ಟೆಯ ಮೇಲೂ ಅಷ್ಟೇ ಚೌಕ. ಒಂದೊಂದೇ ಚೌಕ ನೋಡಿಕೊಂಡು ಬರೆಯುತ್ತಾ ಹೋದರು. ತಿಂಗಳುಗಟ್ಟಲೆ ಹಿಡಿಯಿತು. ಚಿತ್ರ ಸುಮಾರು 9 ಅಡಿ ಎತ್ತರ. ನಮ್ಮ ಮನೆ ಬಾಗಿಲಿಗಿಂತ ಎತ್ತರ! ಚೆಂದ ಕಾಣಲಿ ಅಂತ ಅವರು ಏನನ್ನೂ ಮುಚ್ಚಿಡಲಿಲ್ಲ.

1988ರಲ್ಲಿ ಅವರ ಕೈಕಾಲು ಸ್ವಾಧೀನ ತಪ್ಪಿತು. ಕುಂಚವನ್ನು ಕೈಗೆ ಕಟ್ಟಿಸಿಕೊಂಡು ಮತ್ತೆ ಬರೆದರು. ಆಗಲೂ ಚೌಕವೇ. 2021ರಲ್ಲಿ ತೀರಿಕೊಂಡರು.

ಚೌಕದ ಗುಟ್ಟೇನು? ಕಣ್ಣು ಬರಿ ಅಂದರೆ ನಾವು ಮೀನಿನ ಆಕಾರ ಬರೆಯುತ್ತೇವೆ. ಅದು ಯಾರ ಕಣ್ಣೂ ಅಲ್ಲ. ಚಿಕ್ಕ ಚೌಕದಲ್ಲಿ ಇಡೀ ಕಣ್ಣು ಕಾಣುವುದಿಲ್ಲ. ಒಂದು ಬಾಗಿದ ಗೆರೆ, ಒಂದಿಷ್ಟು ಕಪ್ಪು, ಅಷ್ಟೇ. ಕಂಡಷ್ಟನ್ನೇ ಬರೆದರೆ ಸಾಕು. ಚುಕ್ಕಿ ರಂಗೋಲಿ ಹಾಕುವವರಿಗೆ ಇದು ಹೊಸದೇನಲ್ಲ. ಚುಕ್ಕಿ ಲೆಕ್ಕ ತಪ್ಪದಿದ್ದರೆ ಹೂವು ತಾನಾಗಿ ಬರುತ್ತದೆ.

ಈಗ ನೀವು ಮಾಡಿ ನೋಡಿ. ಕಾರ್ಡಿನ ಮೇಲಿರುವ ಫೋಟೋ ಬೇಡ, ತೀರಾ ಚಿಕ್ಕದು. ಕಿಟಕಿಯ ಪಕ್ಕ ಕುಳಿತು ಹೊಸದಾಗಿ ತೆಗೆಸಿ. ಮೊಬೈಲಾದರೂ ಆಗಬಹುದು. ಕೆನ್ನೆಯ ಒಂದು ಕಡೆ ಬೆಳಕು, ಒಂದು ಕಡೆ ನೆರಳು ಬೀಳಬೇಕು. ಮೊಬೈಲನ್ನು ಮುಖದ ತೀರಾ ಹತ್ತಿರ ತರಬೇಡಿ, ಮೂಗು ದಪ್ಪ ಕಾಣುತ್ತದೆ! 3 ಅಡಿ ದೂರವಿರಲಿ. ಮುಖವಷ್ಟೇ ತುಂಬುವಂತೆ ಕತ್ತರಿಸಿ, 10 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದಕ್ಕೆ ಪ್ರಿಂಟ್ ಹಾಕಿಸಿ.

ಅದರ ಜೆರಾಕ್ಸ್ ಮೇಲೆ 1 ಸೆಂಟಿಮೀಟರಿನ ಚೌಕ ಎಳೆಯಿರಿ. 150 ಚೌಕ ಆಗುತ್ತವೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ 2 ಸೆಂಟಿಮೀಟರಿನ ಚೌಕ, ಅವೂ 150. ಇಲ್ಲಿ ಗೆರೆ ತೆಳ್ಳಗಿರಲಿ. ಎರಡು ಕಡೆಯೂ ಅಂಚಿನಲ್ಲಿ 1, 2, 3 ಅಂತ ಬರೆದುಕೊಳ್ಳಿ, ಜಾಗ ತಪ್ಪುವುದಿಲ್ಲ.

ಬರೆಯುವಾಗ ಒಂದು ವಿಷಯ ತಿಳಿಯುತ್ತದೆ. ಕಣ್ಣು ತಲೆಯ ಮೇಲ್ಭಾಗದಲ್ಲಿದೆ ಅಂತ ನಾವು ತಿಳಿದಿರುತ್ತೇವೆ. ಅಳೆದು ನೋಡಿ. ನೆತ್ತಿಗೂ ಗಲ್ಲಕ್ಕೂ ಸರಿಯಾಗಿ ನಡುವೆ ಇರುತ್ತದೆ!

ಹಣೆಯ ಗೆರೆ, ಕಣ್ಣಿನ ಕೆಳಗಿನ ಕಪ್ಪು, ಹಳೇ ಗಾಯದ ಗುರುತು, ಯಾವುದನ್ನೂ ಬಿಡಬೇಡಿ. ಅವುಗಳಿಂದಲೇ ಅದು ನೀವು ಅಂತ ಗೊತ್ತಾಗುವುದು.

ದಿನಕ್ಕೆ ಹತ್ತು ಚೌಕ ಬರೆದರೂ 15 ದಿನದಲ್ಲಿ ಮುಗಿಯುತ್ತದೆ. ಆಮೇಲೆ ಚೌಕದ ಗೆರೆಗಳನ್ನು ರಬ್ಬರಿನಿಂದ ಅಳಿಸಿ. ಕೆಳಗೆ ತಾರೀಖು ಹಾಕಿ, ನಿಮ್ಮ ಹೆಸರು ಬರೆಯಿರಿ.