ಹರಳಿನ ಜಾತಕವನ್ನು ಎಷ್ಟು ನಂಬಬಹುದು?

ಹಂಪಿಯ ಬೀದಿಗಳಲ್ಲಿ ವಜ್ರ ಬಿಕರಿಯಾಗುತ್ತಿದ್ದ ಕಾಲದಲ್ಲಿ ಹರಳಿನ ಜೊತೆಗೆ ಕಾಗದ ಬರುತ್ತಿರಲಿಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಸಂತೆಯಲ್ಲಿ ವಜ್ರ, ಮಾಣಿಕ್ಯ, ಮುತ್ತುಗಳನ್ನು ಕಂಡಿದ್ದ. ಗಣಿ ಗುತ್ತಿಗೆ ಹಿಡಿದವನು 20 ಮಂಗೆಲಿನ್ ತೂಕ ಮೀರಿದ ಹರಳನ್ನು ಅರಸನಿಗೇ ಒಪ್ಪಿಸಬೇಕಿತ್ತೆಂದು ಅವನ ನಂತರದ ನೂನಿಜ್ ಬರೆದಿದ್ದಾನೆ. ತೂಕಕ್ಕೆ ತಕ್ಕಡಿಯಿತ್ತು, ಗುಣಕ್ಕೆ ಕಣ್ಣೇ ಸಾಕ್ಷಿ. ದಖ್ಖನಿನ ವರ್ತಕರು ರಾತ್ರಿ ಹೊತ್ತು ಗೋಡೆಯ ಗೂಡಿನಲ್ಲಿ ದೀಪವಿಟ್ಟು ಹರಳು ಪರೀಕ್ಷಿಸುತ್ತಿದ್ದರು. ನೀಲಿ ಛಾಯೆಯ ದೋಷ ಹಿಡಿಯಲು ದಟ್ಟ ಎಲೆಯ ಮರದ ನೆರಳಿಗೆ ಒಯ್ಯುತ್ತಿದ್ದರು ಎಂಬುದು 17ನೇ ಶತಮಾನದ ಫ್ರೆಂಚ್ ವ್ಯಾಪಾರಿ ಟಾವರ್ನಿಯೆ ಕೊಡುವ ವಿವರ. ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಮಳೆ ಬಿದ್ದ ಮೇಲೆ ಹೊಲದಲ್ಲಿ ಹರಳು ಹೆಕ್ಕುವವರು ಇಂದಿಗೂ ವ್ಯಾಪಾರಿಯ ಕಣ್ಣನ್ನೇ ನಂಬಬೇಕು.

ದರೋಜಿ, ಕಂಪ್ಲಿಯ ಕಡೆಯವರು ಮದುವೆ ಒಡವೆಗೆಂದು ಹೊಸಪೇಟೆಗೋ ಬಳ್ಳಾರಿಗೋ ಹೋದರೆ ಈಗ ಆ ಕಣ್ಣಿನ ಜಾಗದಲ್ಲಿ ಪ್ರಮಾಣಪತ್ರವಿದೆ. ತೂಕ, ಬಣ್ಣ, ನಿರ್ಮಲತೆ, ಕಟಿಂಗ್ ಎಲ್ಲವೂ ಅದರಲ್ಲಿರುತ್ತದೆ. ಆದರೆ ತೂಕ ಯಂತ್ರದ ಮಾತು. ಬಣ್ಣ, ನಿರ್ಮಲತೆಗಳು ಬಹುಮಟ್ಟಿಗೆ ಪರೀಕ್ಷಕರ ತೀರ್ಮಾನ. ದರ್ಜೆ ಒಂದು ಮೆಟ್ಟಿಲು ಏರಿದರೂ ಬೆಲೆ ಜಿಗಿಯುತ್ತದೆ. ತೊಡಕಿನ ಮೂಲ ಇದೇ. ಅಮೆರಿಕದ ಹೆಸರಾಂತ ಸಂಸ್ಥೆ ಜಿಐಎ ತನ್ನ ವರದಿ ಖಾತರಿಯೂ ಅಲ್ಲ, ಬೆಲೆ ನಿರ್ಣಯವೂ ಅಲ್ಲ ಎಂದೇ ಹೇಳುತ್ತದೆ. ದರ್ಜೆ ಏರಿಸಲು ಲಂಚ ಪಡೆದ ಆರೋಪ ಕೇಳಿಬಂದಾಗ, 2005ರಲ್ಲಿ, ಅದರ ನ್ಯೂಯಾರ್ಕ್ ಪ್ರಯೋಗಾಲಯದ ಕೆಲವರು ಕೆಲಸ ಕಳೆದುಕೊಂಡರು. 2014ರಲ್ಲಿ ವಜ್ರ ವರ್ತಕರ ಜಾಲ ರ‍್ಯಾಪ್‌ನೆಟ್, ದರ್ಜೆ ಉಬ್ಬಿಸಲಾಗುತ್ತಿದೆ ಎಂಬ ಕಾರಣಕ್ಕೆ ಇಜಿಎಲ್ ಪತ್ರಗಳಿರುವ ಹರಳುಗಳನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು. ಅಂದರೆ ಪತ್ರ ನಕಲಿಯಾಗಿರಬೇಕಿಲ್ಲ, ಅಳತೆಗೋಲು ಸಡಿಲವಾಗಿದ್ದರೂ ಗಿರಾಕಿಗೆ ನಷ್ಟವೇ.

ಇನ್ನೊಂದು ಪ್ರಶ್ನೆ: ಪತ್ರದಲ್ಲಿರುವ ಹರಳೇ ಉಂಗುರದಲ್ಲಿದೆಯೇ? ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಕೊರೆದ ಸಂಖ್ಯೆಯನ್ನು ಭೂತಗನ್ನಡಿಯಲ್ಲಿ ನೋಡಿ ಪತ್ರದ ಸಂಖ್ಯೆಗೆ ತಾಳೆ ಹಾಕಬಹುದು. ಪ್ರಯೋಗಾಲಯದ ಜಾಲತಾಣದಲ್ಲೂ ಪರಿಶೀಲಿಸಬಹುದು. ಅದೂ ಸಾಲದು. ಗಣಿಯ ವಜ್ರದ ಸಂಖ್ಯೆಯನ್ನೇ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಮೇಲೆ ಕೊರೆದ ಪ್ರಕರಣಗಳು ಪತ್ತೆಯಾಗಿವೆ. ಎರಡೂ ಇಂಗಾಲವೇ ಆದ್ದರಿಂದ ಅಂಗಡಿಗಳಲ್ಲಿ ಹರಳಿಗೆ ತಾಗಿಸಿ ನೋಡುವ ಸಾಮಾನ್ಯ ಪೆನ್ನಿನಂಥ ಸಾಧನಕ್ಕೆ ಭೇದ ತಿಳಿಯದು. ದೊಡ್ಡ ಹರಳಾದರೆ ಹಣ ತೆರುವ ಮುನ್ನ ಬೇರೊಂದು ಪ್ರಯೋಗಾಲಯಕ್ಕೆ ಕಳಿಸುವುದು ವಾಸಿ. ಅದಕ್ಕೊಪ್ಪದ ಅಂಗಡಿಯಿಂದ ಎದ್ದುಬರುವುದು ಇನ್ನೂ ವಾಸಿ.

ಹಾಲ್‌ಮಾರ್ಕ್ ಇದೆಯಲ್ಲ ಎಂದು ಸಮಾಧಾನಪಡುವವರುಂಟು. ಆ ಮುದ್ರೆ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ, ಅದರಲ್ಲಿ ಕೂರಿಸಿದ ಹರಳಿನ ವಿಷಯವನ್ನಲ್ಲ.